ಉಸಿರು ತೆಗೆದುಕೊಳ್ಳುವ ನೀರುಚಕ್ರ

ನಮ್ಮ ಅಡುಗೆಮನೆಯ ನೆತ್ತಿಯ ಮೇಲೆ ಸರಿಯಾಗಿ ನನ್ನ ತಂಗಿಯ ಹಜಾರ. ಅವಳು ಕುರ್ಚಿ ಎಳೆದರೂ ನನಗೆ ಗೊತ್ತಾಗುತ್ತದೆ, ಚಮಚ ಬೀಳಿಸಿದರೂ ಗೊತ್ತಾಗುತ್ತದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ದಿನವಿಡೀ ಕಂಡವರ ಬಾಯೊಳಗೆ ದೀಪ ಹಿಡಿದು ನಿಂತು ಸಂಜೆ ಮನೆಗೆ ಬಂದರೆ ಮೊದಲು ಕೇಳಿಸುವುದು ಚಪ್ಪಲಿ ಬಿಡುವ ಸದ್ದು. ಒಂದು ಬೀಳುತ್ತದೆ, ಸ್ವಲ್ಪ ತಡೆದು ಇನ್ನೊಂದು. ಅಕ್ಕತಂಗಿಯರು ಒಂದೇ ಕಟ್ಟಡದಲ್ಲಿ ಇರುವುದು ಪುಣ್ಯ ಎಂದು ಎಲ್ಲರೂ ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ, ಅವಳು ಆ ಹೊಸ ಪೆಟ್ಟಿಗೆ ತರುವವರೆಗೆ.

ಪೆಟ್ಟಿಗೆ ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್. ನಮ್ಮ ಮನೆಯಲ್ಲೂ ಒಂದಿದೆ. ಇಣಚಿಯ ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಮನೆ ಬದಲಾಯಿಸುವಾಗ ‘ಬೇಕಾದರೆ ತಗೊಂಡು ಹೋಗಿ’ ಎಂದು ಕೊಟ್ಟದ್ದು. ಇಣಚಿ ನನ್ನ ಮಗಳು. ಕಿಟಕಿಯ ಸರಳು, ಬಾಗಿಲಿನ ಚೌಕಟ್ಟು, ಅಪ್ಪನ ಬೆನ್ನು, ಎಲ್ಲಿ ಹಿಡಿಯಲು ಸಿಕ್ಕಿದರೂ ಅಳಿಲಿನಂತೆ ಹತ್ತಿಬಿಡುವವಳಾದ್ದರಿಂದ ಆ ಹೆಸರು ಬಿತ್ತು. ಶಾಲೆಯಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಅದನ್ನು ಕೂಗಿದರೆ ಅವಳು ತಿರುಗಿಯೂ ನೋಡುವುದಿಲ್ಲ.

ನಾನು ಮನೆಯಲ್ಲೇ ಕಿಟಕಿ ಪರದೆಗಳನ್ನು ಹೊಲಿಯುತ್ತೇನೆ. ಸಂಜೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಒಲೆಯ ಉರಿ ಸಣ್ಣ ಮಾಡಿ, ಮಗಳ ಪಕ್ಕ ನೆಲದ ಮೇಲೆ ಕೂರುತ್ತಿದ್ದೆ. ನಾವು ಆಡುತ್ತಿದ್ದದ್ದು ಒಂದೇ ಆಟ. ದೊಡ್ಡ ನದಿ, ಅದರಲ್ಲೊಂದು ದೋಣಿ, ದೋಣಿಯ ಮೇಲೆ ಮನೆ. ಇಬ್ಬರು ಅದನ್ನು ನಡೆಸಬೇಕು, ಒಬ್ಬರಿಗೆ ಎಡಗಡೆಯ ಹುಟ್ಟು, ಒಬ್ಬರಿಗೆ ಬಲಗಡೆಯದು. ಇಬ್ಬರೂ ಕೂಡಿ ಎಳೆಯದಿದ್ದರೆ ದೋಣಿ ಇದ್ದಲ್ಲೇ ಗಿರಗಿರನೆ ಸುತ್ತುತ್ತದೆ. ಕೆಳಗಿನ ಕಾಡಿಗೆ ಹೋಗಿ, ದಾರಿ ತಪ್ಪಿದ ಆಡು, ಬಾತುಕೋಳಿ, ಒಂದು ಕುಂಟು ಕತ್ತೆ, ಹೀಗೆ ಸಿಕ್ಕಿದ್ದನ್ನು ದೋಣಿಗೆ ಹತ್ತಿಸಿಕೊಂಡು ದಡಕ್ಕೆ ಬರಬೇಕು. ತಂದಷ್ಟು ಪ್ರಾಣಿಗೆ ಹಲಗೆ ಸಿಗುತ್ತದೆ, ಹಲಗೆಯಿಂದ ಮನೆಗೆ ಕೋಣೆ ಕಟ್ಟಬಹುದು. ಇಣಚಿಗೊಂದು ಕೋಣೆ, ನನಗೊಂದು ಕೋಣೆ ಕಟ್ಟಿಕೊಂಡಿದ್ದೆವು. ಕತ್ತೆ ಅಡುಗೆಮನೆಯಲ್ಲಿ ಮಲಗುತ್ತಿತ್ತು. ಬಲಗಡೆ ಹುಟ್ಟು ಹಾಕುವ ಬೊಂಬೆಯ ತಲೆಯ ಮೇಲೆ ‘ಇಣಚಿ’ ಎಂದೂ ಎಡಗಡೆಯದರ ಮೇಲೆ ‘ಅಮ್ಮ’ ಎಂದೂ ಅಕ್ಷರಗಳು ತೇಲುತ್ತಿದ್ದವು.

ವಾಪಸ್ ಬರುವ ದಾರಿಯಲ್ಲಿ ಒಂದು ನೀರುಚಕ್ರ. ಮನೆಯಷ್ಟು ಎತ್ತರ, ನೀರು ತುಂಬಿದ ತೊಟ್ಟಿಗಳು ಒಂದರ ಹಿಂದೆ ಒಂದು ಧಡಧಡ ಇಳಿಯುತ್ತವೆ. ಅದರ ಕೆಳಗೇ ನುಸುಳಬೇಕು. ಮೊದಮೊದಲು ಎಷ್ಟು ಸಲ ದೋಣಿ ಒಡೆದುಕೊಂಡೆವೋ. ಆಮೇಲೆ ಗುಟ್ಟು ಕಂಡುಹಿಡಿದದ್ದು ನಾನು. ಚಕ್ರ ಪೂರ್ತಿ ಎದುರಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತದೆ. ತೊಟ್ಟಿ ಅಲ್ಲೇ, ನೀರ ಹನಿ ಗಾಳಿಯಲ್ಲೇ. “ನೋಡು, ಚಕ್ರ ಉಸಿರು ತಗೊಳ್ತಿದೆ. ಅದು ಉಸಿರು ಹಿಡಿದಾಗ ನಾವು ನುಗ್ಗೋಣ” ಎಂದೆ. ಅಂದಿನಿಂದ ನಾವಿಬ್ಬರೂ ಚಕ್ರದ ಮುಂದೆ ಹುಟ್ಟು ಎತ್ತಿ ಹಿಡಿದು, ನಮ್ಮ ಉಸಿರನ್ನೂ ಬಿಗಿಹಿಡಿದು ಕಾಯುತ್ತಿದ್ದೆವು. ಅದು ನಿಂತೊಡನೆ ಎಳೆಯುತ್ತಿದ್ದೆವು. ಒಂದು ಸಲವೂ ತಪ್ಪುತ್ತಿರಲಿಲ್ಲ. ನನ್ನ ಮಗಳು ಗೆಳತಿಯರ ಮುಂದೆ, ನಮ್ಮಮ್ಮನಿಗೆ ಚಕ್ರದ ಉಸಿರು ಗೊತ್ತಾಗುತ್ತೆ ಎಂದು ಕೊಚ್ಚಿಕೊಳ್ಳುತ್ತಿದ್ದಳು. ಹೊಲಿದ ಪರದೆ ಚೆನ್ನಾಗಿದೆ ಎಂದು ಎಷ್ಟೋ ಜನ ಹೇಳಿದ್ದಾರೆ. ಆದರೆ ಈ ಮಾತು ಕೇಳಿದಾಗ ಆದಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಹೀಗಿರುವಾಗ ತಂಗಿ ಹೊಸ ಪೆಟ್ಟಿಗೆ ತಂದಳು. ಅದೇ ಕಂಪನಿ, ಅದೇ ಹೆಸರು, ಹೆಸರಿನ ಬಾಲಕ್ಕೆ ಮಾತ್ರ ಒಂದು ಪದ ಹೆಚ್ಚು.

“ಪೂರ್ತಿ ಹೊಸದೇನಲ್ಲ ಅಕ್ಕ,” ಎಂದಳು. “ನಿಮ್ಮದಕ್ಕೂ ಮುಂದೆ ಬರೋದಕ್ಕೂ ನಡುವಿನದು. ನಿಮ್ಮ ಆಟಗಳೆಲ್ಲ ಇದರಲ್ಲಿ ಓಡುತ್ತೆ, ನಿಮ್ಮ ಕಂಟ್ರೋಲರೂ ನಡೆಯುತ್ತೆ. ಚಿತ್ರ ಮಾತ್ರ ನೀರು ಕುಡಿದ ಹಾಗೆ ಸಲೀಸು.”

“ನಿನಗ್ಯಾಕೆ ಬಂತು ಈ ಹುಚ್ಚು? ಇಷ್ಟು ದಿನ ಆಡಿದವಳಲ್ಲ.”

“ದಿನವೆಲ್ಲ ದವಡೆ ನೋಡಿ ಬಂದವಳಿಗೆ ಸಂಜೆ ನದಿ ನೋಡೋ ಆಸೆ ಇರಬಾರದಾ?”

ಇರಲಿ ಎಂದೆ. ನಕ್ಕೆ ಕೂಡ. ಮರುದಿನ ಇಣಚಿ ನಾವು ಅಲ್ಲಿಯವರೆಗೆ ಆಡಿ ಉಳಿಸಿದ್ದನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು, “ಚಿಕ್ಕಮ್ಮನ ಮನೇಲಿ ಹೇಗೆ ಕಾಣುತ್ತೆ ನೋಡ್ಕೊಂಡು ಬರ್ತೀನಿ” ಎಂದು ಮೆಟ್ಟಿಲು ಹತ್ತಿದಳು. ನಾನು ಉರಿ ಸಣ್ಣ ಮಾಡಿ ನೆಲದ ಮೇಲೆ ಕೂತು ಕಾದೆ. ಸಾರು ಬತ್ತಿತು, ಮಗಳು ಬರಲಿಲ್ಲ.

ಬಂದವಳ ಕಣ್ಣುಗಳು ಅರಳಿದ್ದವು. “ಅಮ್ಮಾ, ನೀರೊಳಗೆ ಮೀನಿದೆ. ನಮ್ಮ ಪೆಟ್ಟಿಗೇಲಿ ಕಾಣ್ತಾನೇ ಇರಲಿಲ್ಲ. ಕತ್ತೆಗೆ ರೆಪ್ಪೆ ಇದೆ.”

“ಕತ್ತೆಗೆ ರೆಪ್ಪೆ ಇರದೆ ಇನ್ನೇನು? ಬಾ ಊಟಕ್ಕೆ” ಎಂದೆ. ಅವಳ ತಲೆ ಸವರಿದರೆ ಲವಂಗದ ಎಣ್ಣೆಯ ವಾಸನೆ. ನನ್ನ ತಂಗಿಯ ಕೈಗೆ ಅಂಟಿದ ಕ್ಲಿನಿಕ್ಕಿನ ವಾಸನೆ ಅದು. ಎಷ್ಟು ಒತ್ತಿಕೊಂಡು ಕೂತಿದ್ದರೆ ಇಷ್ಟು ಅಂಟಿರಬೇಕು ಎಂದು ಮನಸ್ಸು ಲೆಕ್ಕ ಹಾಕಿತು. ಅಂದೇ ಅವಳಿಗೆ ತಲೆಗೆ ನೀರು ಹಾಕಿದೆ.

ಮರುದಿನ ನಮ್ಮ ಪೆಟ್ಟಿಗೆಗೆ ಪೆನ್‌ಡ್ರೈವ್ ಹಾಕಿದರೆ ಆಟ ತೆರೆಯಲಿಲ್ಲ. ಬಿಳಿ ಅಕ್ಷರಗಳು ಬಂದವು: ‘ಇದನ್ನು ಹೊಸ ಆವೃತ್ತಿಯಲ್ಲಿ ಉಳಿಸಲಾಗಿದೆ. ಈ ಯಂತ್ರದಲ್ಲಿ ತೆರೆಯಲಾಗದು.’ ಇಣಚಿ ಮತ್ತೆ ಮತ್ತೆ ಒತ್ತಿದಳು. ಹಳೆಯದರ ಪ್ರತಿ ಇಟ್ಟುಕೊಂಡಿರಲಿಲ್ಲ, ಇದ್ದದ್ದನ್ನೇ ಎತ್ತಿಕೊಂಡು ಹೋಗಿದ್ದಳು. ನನ್ನ ಕೋಣೆ, ಅವಳ ಕೋಣೆ, ಕತ್ತೆ, ಎಲ್ಲವೂ ಮಹಡಿಯ ಮೇಲೆ ಹೋಗಿ ಕೂತಿದ್ದವು.

ಇಣಚಿಯ ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಅವರಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. “ನಮ್ಮಲ್ಲೂ ಹೀಗೇ. ಲಿಫ್ಟ್ ಅದೇ, ಬಾಗಿಲು ಅದೇ, ಗುಂಡಿ ಅದೇ. ಒಳಗೆ ಬೋರ್ಡು ಮಾತ್ರ ಹೊಸದು. ಹಳೇ ಬೋರ್ಡಿನದ್ದು ಹೊಸದಕ್ಕೆ ಅರ್ಥ ಆಗುತ್ತೆ, ಹೊಸದರದ್ದು ಹಳೇದಕ್ಕೆ ಅರ್ಥ ಆಗಲ್ಲ. ಹಾಕಿದರೆ ಎರಡು ಮಹಡಿ ಮಧ್ಯೆ ನಿಂತುಬಿಡುತ್ತೆ.”

“ಹಾಗಾದರೆ ಈಗ?”

“ಈಗೇನು? ಮೇಲೆ ಹೋಗಿ ಆಡ್ಲಿ. ಮೆಟ್ಟಿಲಿದೆಯಲ್ಲ.”

ಮೆಟ್ಟಿಲೇನೋ ಇತ್ತು. ಇಣಚಿ ದಿನಾ ಹತ್ತಿದಳು. ಶಾಲೆಯಿಂದ ಬಂದು ಬಾಯಿಗೆ ಏನಾದರೂ ತುರುಕಿಕೊಂಡು, ತಂಗಿಯ ಎರಡನೇ ಚಪ್ಪಲಿ ನೆಲಕ್ಕೆ ಬೀಳುವುದನ್ನೇ ಕಾದಿದ್ದು ಓಡುತ್ತಿದ್ದಳು. ಅದೇ ಆಟವನ್ನು ಹೊಸದಾಗಿ ಶುರು ಮಾಡೋಣ ಎಂದು ನಾನು ಒಂದೆರಡು ಸಲ ಕರೆದೆ. “ಮೊದಲಿಂದಾನಾ ಅಮ್ಮ? ಕತ್ತೆ ಸಿಗೋಕೇ ಎಷ್ಟು ಕಷ್ಟಪಟ್ಟಿದ್ವಿ” ಎಂದಳು. ಅವಳ ಮಾತೂ ನಿಜ.

ನಾನು ಕೆಳಗೆ ಬಟಾಣಿ ಸುಲಿಯುತ್ತ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದೆ. ಆ ಆಟದ ಪ್ರತಿ ಸದ್ದೂ ನನಗೆ ಬಾಯಿಪಾಠ. ಚಾವಣಿಯಿಂದ ಬರುವ ಸದ್ದಿನಲ್ಲೇ ದೋಣಿ ಎಲ್ಲಿದೆ ಎಂದು ತಿಳಿಯುತ್ತಿತ್ತು. ಈಗ ದಡ ಬಿಟ್ಟರು. ಈಗ ಕಾಡು ಬಂತು, ಬಾತುಕೋಳಿ ಕೂಗಿತು. ಈಗ ಇಬ್ಬರೂ ನಕ್ಕರು. ಆ ನಗು ಮಾತ್ರ ಯಾಕೆಂದು ತಿಳಿಯುತ್ತಿರಲಿಲ್ಲ. ನನ್ನ ಜೊತೆ ಆಡುವಾಗ ಅವಳು ಹೀಗೆ ನಗುತ್ತಿದ್ದಳೇ ಎಂದು ನೆನಪು ಕೆದಕುತ್ತಿದ್ದೆ. ಸಿಪ್ಪೆ ಪಾತ್ರೆಗೂ ಕಾಳು ಕಸಕ್ಕೂ ಹೋಗುತ್ತಿತ್ತು.

ಆದರೆ ಒಂದು ಸಮಾಧಾನವಿತ್ತು. ದಿನಾ ಒಂದು ಹಂತದಲ್ಲಿ ಮೇಲಿಂದ ಧಡಾರ್ ಎಂಬ ಸದ್ದು, ಆಮೇಲೆ ಹಲಗೆ ಮುರಿಯುವ ಸದ್ದು, ಆಮೇಲೆ ನೀರು. ನೀರುಚಕ್ರ. ಮತ್ತೆ ಧಡಾರ್. ಮತ್ತೆ. ನಾವು ಸಲೀಸಾಗಿ ದಾಟುತ್ತಿದ್ದ ಜಾಗ ಅದು. ನನ್ನ ತಂಗಿಗೆ ಅದರ ಉಸಿರು ಗೊತ್ತಾಗುತ್ತಿಲ್ಲ ಎಂದುಕೊಂಡೆ. ದೋಣಿ ಒಡೆದಷ್ಟು ಸಲ ನನಗೆ ಹಾಲು ಕುಡಿದ ಹಾಗಾಗುತ್ತಿತ್ತು. ಹೊರಗೆ ಮಾತ್ರ ಪಾಪ ಅನ್ನುವ ಮುಖ ಮಾಡಿಕೊಂಡು ಸೌಟು ತಿರುಗಿಸುತ್ತಿದ್ದೆ.

ಒಂದು ಸಂಜೆ ಇಣಚಿ ಬೇಗ ಇಳಿದು ಬಂದಳು. ಮುಖ ಊದಿತ್ತು.

“ಅಮ್ಮ, ಚಕ್ರ ಉಸಿರು ತಗೊಳ್ಳುತ್ತೆ ಅಲ್ವಾ?”

“ಹೌದಲ್ಲ. ಯಾಕೆ?”

“ಅಲ್ಲಿ ತಗೊಳ್ಳೋದೇ ಇಲ್ಲ. ನಾನು ಕಾಯ್ತೀನಿ, ಕಾಯ್ತೀನಿ, ಹೊಡೆದುಬಿಡುತ್ತೆ. ಕಾಯಬೇಡ ಎಳಿ ಅಂತಾಳೆ ಚಿಕ್ಕಮ್ಮ. ಅಮ್ಮ ಹೇಳಿದ್ದಾಳೆ ಅಂದ್ರೆ ನಗ್ತಾಳೆ.”

“ಏನಂತ ನಗ್ತಾಳೆ?”

“ಚಕ್ರ ಏನು ಮುದುಕೀನಾ, ಮೆಟ್ಟಿಲು ಹತ್ತಿ ಉಸಿರು ತಗೊಳ್ಳೋಕೆ ಅಂತ.”

ಬೆಂಕಿಗೆ ಎಣ್ಣೆ ಬಿದ್ದಂತಾಯಿತು. ನಾನು ಸೌಟು ಕೆಳಗಿಟ್ಟೆ. ಮಗಳಿಗೆ ಸಮಾಧಾನ ಹೇಳುವಂತೆಯೇ, ನಂಬಿಕೆಯಿಂದಲೇ ಹೇಳಿದೆ: “ಅವಳ ಪೆಟ್ಟಿಗೇಲೇ ಏನೋ ದೋಷ ಇದೆ ಪುಟ್ಟ. ನಮ್ಮದರಲ್ಲಿ ದಿನಾ ನಿಲ್ಲುತ್ತಿತ್ತು. ನೀನೇ ನೋಡಿದ್ದೀಯ.”

ಇಣಚಿಯ ಮುಖ ಬೆಳಗಿತು. ಬಂದಷ್ಟೇ ವೇಗವಾಗಿ ಮೆಟ್ಟಿಲು ಹತ್ತಿ ಹೋದಳು. ನಾನು ಸೌಟು ಮತ್ತೆ ಕೈಗೆತ್ತಿಕೊಳ್ಳುವುದರೊಳಗೆ ತಂಗಿ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಬರಿಗಾಲಲ್ಲಿ.

“ನನ್ನ ಪೆಟ್ಟಿಗೆಗೆ ದೋಷ ಅಂದ್ಯಂತೆ.”

“ಇದ್ದದ್ದು ಅಂದೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ದಿನಾ ದೋಣಿ ಒಡೀತಿರೋದು ಯಾರು? ನನಗೇನು ಕೇಳಿಸಲ್ವಾ?”

“ಓಹೋ, ಕೇಳಿಸಿಕೊಳ್ತಾ ಕೂತಿರ್ತೀಯ. ಬರಬಹುದಿತ್ತಲ್ಲ ಅಕ್ಕ ಮೇಲೆ, ಕರೆಯೋಕೆ ಬ್ಯಾಂಡು ಕಳಿಸಬೇಕಿತ್ತಾ?”

“ಇಬ್ಬರು ಆಡೋ ಆಟಕ್ಕೆ ಮೂರನೆಯವಳು ಬಂದು ಏನು ಮಾಡಲಿ, ಚಪ್ಪಾಳೆ ತಟ್ಟಲಾ?”

ತಂಗಿ ಒಳಗೆ ಬಂದು ನನ್ನ ಕೈ ಹಿಡಿದಳು. “ಬಾ. ಬಂದು ನೀನೇ ದಾಟಿಸಿ ತೋರಿಸು. ದಾಟಿಸಿದರೆ ನಾಳೆಯೇ ಪೆಟ್ಟಿಗೆ ವಾಪಸ್ ಕೊಟ್ಟು ಬರ್ತೀನಿ.”

ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋದೆ. ಒಳಗೊಳಗೇ ಗೆದ್ದೇಬಿಟ್ಟೆ ಅಂದುಕೊಂಡಿದ್ದೆ.

ಅವಳ ಹಜಾರದಲ್ಲಿ ಟಿವಿ ಗೋಡೆಯಷ್ಟಗಲ. ಅದರಲ್ಲಿ ನಮ್ಮ ನದಿ. ನಿಜ ಹೇಳಬೇಕು, ಚೆನ್ನಾಗಿಯೇ ಇತ್ತು. ನೀರಿನ ಅಡಿಯ ಕಲ್ಲು ಕಾಣುತ್ತಿತ್ತು, ದಡದ ಹುಲ್ಲು ಒಂದೊಂದಾಗಿ ಬಾಗುತ್ತಿತ್ತು. ಇಷ್ಟು ದಿನ ನಾವಿಬ್ಬರು ಮಂಜುಗಣ್ಣಿನಿಂದ ನೋಡಿದ್ದು ಇದನ್ನೇ. ದೋಣಿಯ ಬಲಗಡೆ ಇಣಚಿಯ ಬೊಂಬೆ ಇತ್ತು. ಎಡಗಡೆಯ ಬೊಂಬೆ ಮನೆಯ ಚಾವಣಿ ಮೇಲೆ ಮಳೆಯಲ್ಲಿ ನೆನೆಯುತ್ತ ಕೂತಿತ್ತು. ತಲೆಯ ಮೇಲೆ ಅದೇ ಅಕ್ಷರಗಳು: ‘ಅಮ್ಮ’.

ಇಷ್ಟು ದಿನ ನನ್ನ ತಂಗಿ ನನ್ನ ಮಗಳ ಪಕ್ಕ ಕೂತು ಹುಟ್ಟು ಹಾಕಿದ್ದು ಆ ಹೆಸರಿನಲ್ಲಿ. ಇದನ್ನು ಮಾತ್ರ ನಾನು ಊಹಿಸಿರಲಿಲ್ಲ. ಲವಂಗದ ವಾಸನೆಯನ್ನು ತೊಳೆದಿದ್ದೆ, ನಗುವನ್ನು ನುಂಗಿಕೊಂಡಿದ್ದೆ. ಇದಕ್ಕೆ ಏನು ಮಾಡುವುದೆಂದು ತೋಚಲಿಲ್ಲ.

“ಏನಕ್ಕ, ಹಾಗೆ ನೋಡ್ತಿದ್ದೀಯ?”

“ನಿನ್ನ ತಲೆ ಮೇಲೆ ನನ್ನ ಹೆಸರಿದೆ.”

“ನಾನು ಬರೆದುಕೊಂಡೆನಾ? ಮೊದಲ ದಿನವೇ ನನ್ನ ಹೆಸರು ಹಾಕು ಅಂದೆ. ನಿನ್ನ ಮಗಳು ಅಳಿಸೋಕೆ ಬಿಡಲಿಲ್ಲ. ಕೇಳು ಬೇಕಾದ್ರೆ.”

“ಅದು ಅಮ್ಮನ ಬೊಂಬೆ,” ಎಂದಳು ಇಣಚಿ, ಇದರಲ್ಲಿ ಕೇಳುವುದೇನಿದೆ ಅನ್ನುವಂತೆ. “ಚಿಕ್ಕಮ್ಮ ಬರೀ ಓಡಿಸೋದು.”

“ಡ್ರೈವರ್ ಕೆಲಸ ನನಗೆ. ಅದೂ ಊಟ ವಸತಿ ಇಲ್ಲದ್ದು. ಆಟದಲ್ಲಿ ಕತ್ತಲಾಯ್ತು ಅಂದ್ರೆ ನಿನ್ನ ಕೋಣೆ ಬಾಗಿಲು ಮುಟ್ಟಬಾರದು. ಕತ್ತೆಗೆ ಒಳಗೆ ಜಾಗ ಇದೆ, ನನಗೆ ಚಾವಣಿ. ಮಳೆ ಬಂದ್ರೂ ಅಲ್ಲೇ. ಪೆಟ್ಟಿಗೆ ನಂದು, ಟಿವಿ ನಂದು, ಕರೆಂಟು ನಂದು.” ನಗುತ್ತಲೇ ಹೇಳಿದಳು. ಆದರೆ ಕಂಟ್ರೋಲರನ್ನು ನನ್ನ ಕೈಗೆ ಕೊಡುವಾಗ ಅವಳ ಬೆರಳು ಅದನ್ನು ಬಿಡಲು ಸ್ವಲ್ಪ ತಡ ಮಾಡಿತು.

ನಾನು ಇಣಚಿಯ ಪಕ್ಕ ಕೂತೆ. ದಡ ಬಿಟ್ಟೆವು, ಕಾಡು ಮುಟ್ಟಿದೆವು, ಒಂದು ಆಡು ಸಿಕ್ಕಿತು. ನಮ್ಮ ಕೈಗಳು ಏನನ್ನೂ ಮರೆತಿರಲಿಲ್ಲ. ಚಕ್ರ ಎದುರಿಗೆ ಬಂತು. ತೊಟ್ಟಿಗಳ ಮೇಲಿನ ಪಾಚಿಯೂ ಕಾಣುತ್ತಿತ್ತು. ಇಬ್ಬರೂ ಹುಟ್ಟು ಎತ್ತಿ ಹಿಡಿದೆವು, ಉಸಿರು ಬಿಗಿಹಿಡಿದೆವು.

ಚಕ್ರ ನಿಲ್ಲಲಿಲ್ಲ. ಧಡಾರ್ ಎಂದು ತೊಟ್ಟಿ ಬಿತ್ತು, ಹಲಗೆ ಚೂರಾಯಿತು, ಆಡು ಈಜಿಕೊಂಡು ದಡಕ್ಕೆ ಹೋಯಿತು.

“ಇನ್ನೊಂದು ಸಲ” ಎಂದೆ.

ಇನ್ನೊಂದು ಸಲವೂ ಅದೇ. ತಂಗಿ ಸೋಫಾದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದಳು. ಮೂರನೆಯ ಸಲ ನಾನು ಹುಟ್ಟು ಎತ್ತುವುದನ್ನು ಬಿಟ್ಟು ಚಕ್ರವನ್ನಷ್ಟೇ ನೋಡಿದೆ. ಒಂದೇ ಸಮನೆ ತಿರುಗುತ್ತಿತ್ತು. ಎಲ್ಲೂ ಅಳುಕಿಲ್ಲ, ಎಲ್ಲೂ ತಡೆಯಿಲ್ಲ. ಪಾಚಿ, ತೊಟ್ಟಿ, ಸಾವಿರಾರು ಹನಿ, ಎಲ್ಲವನ್ನೂ ಈ ಪೆಟ್ಟಿಗೆ ಒಟ್ಟಿಗೆ ತೋರಿಸುತ್ತಿತ್ತು. ಆಗ ತಿಳಿಯಿತು. ನಮ್ಮ ಮನೆಯ ಪೆಟ್ಟಿಗೆಗೆ ಇದು ಭಾರವಾಗುತ್ತಿತ್ತು. ಇಷ್ಟನ್ನೂ ಒಂದೇ ಸಲಕ್ಕೆ ಹೊರಲಾರದೆ ಅದು ಕ್ಷಣ ಹೊತ್ತು ನಿಂತುಬಿಡುತ್ತಿತ್ತು. ಆ ತಡವರಿಕೆಯನ್ನೇ ನಾನು ಆಟದ ನಿಯಮ ಅಂದುಕೊಂಡಿದ್ದೆ. ಅದನ್ನೇ ಮಗಳಿಗೆ ಕಲಿಸಿದ್ದೆ.

“ಅಮ್ಮ, ಯಾವಾಗ ತಗೊಳ್ಳುತ್ತೆ ಉಸಿರು?” ಇಣಚಿ ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು.

ಈ ಪೆಟ್ಟಿಗೆ ಸರಿಯಿಲ್ಲ ಎಂದರೆ ಮುಗಿಯುತ್ತಿತ್ತು. ಅವಳು ಮರುಮಾತಾಡದೆ ಕಂಟ್ರೋಲರ್ ಕೆಳಗಿಟ್ಟು ನನ್ನ ಹಿಂದೆ ಇಳಿದು ಬರುತ್ತಿದ್ದಳು. ಕತ್ತೆಯನ್ನೂ ಬಿಟ್ಟು ಬರುತ್ತಿದ್ದಳು. ಮಗಳ ಕಣ್ಣಲ್ಲಿ ಅದು ಬರೆದಿತ್ತು. ನಾನು ಅದನ್ನು ಓದಿದೆ. ನನ್ನ ತಂಗಿಯೂ ಓದಿರಬೇಕು, ಏಕೆಂದರೆ ಅವಳು ತಲೆ ಬಗ್ಗಿಸಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

“ಉಸಿರು ತಗೊಳ್ತಿದ್ದದ್ದು ಚಕ್ರ ಅಲ್ಲ ಪುಟ್ಟ,” ಎಂದೆ. “ನಮ್ಮ ಪೆಟ್ಟಿಗೆ.”

“ಅಂದ್ರೆ?”

“ಅದಕ್ಕೆ ವಯಸ್ಸಾಗಿದೆ. ಇಷ್ಟೊಂದು ನೀರು, ಇಷ್ಟೊಂದು ತೊಟ್ಟಿ ಒಟ್ಟಿಗೆ ಬಂದ್ರೆ ಸುಧಾರಿಸಿಕೊಳ್ಳೋಕೆ ನಿಲ್ಲುತ್ತಿತ್ತು. ನನಗೆ ಗೊತ್ತಾಗಿರಲಿಲ್ಲ.”

“ಹಾಗಾದ್ರೆ ಚಿಕ್ಕಮ್ಮ ಹೇಳಿದ್ದೇ ಸರಿನಾ?”

ತಂಗಿಯೇ ಬಾಯಿ ಹಾಕಿದಳು. “ನಾನೂ ದಿನಾ ಒಡ್ಕೊಂಡಿದ್ದೀನಲ್ಲೇ. ನಿಲ್ಲದೆ ಎಳೀಬೇಕು ಅಂತ ಬಾಯಲ್ಲಿ ಹೇಳ್ತಿದ್ದೆ. ನೀನು ಹುಟ್ಟು ಎತ್ತಿದರೆ ನಾನೊಬ್ಬಳೇ ಎಳೆದು ಏನಾಗಬೇಕು?”

“ಹೌದು, ಅವಳು ಹೇಳಿದ್ದೇ ಸರಿ” ಎಂದೆ. ಹೇಳಿಬಿಟ್ಟ ಮೇಲೆ ಅಷ್ಟೇನೂ ಕಷ್ಟವಾಗಲಿಲ್ಲ. ಕಂಟ್ರೋಲರನ್ನು ತಂಗಿಯ ಮಡಿಲಿಗೆ ಹಾಕಿದೆ. “ತಗೋ. ಇಬ್ಬರೂ ನಿಲ್ಲಬೇಡಿ. ತೊಟ್ಟಿ ಮೇಲಕ್ಕೆ ಹೋಗೋದು ಕಂಡ ಕೂಡಲೇ ಒಳಗೆ ನುಗ್ಗಿ.”

ಅವರು ನುಗ್ಗಿದರು. ಒಂದು ಸಲ ಹಿಂಬದಿ ತಗುಲಿತು. ಅದರ ಮುಂದಿನ ಸಲ ದೋಣಿ ಚಕ್ರದ ಕೆಳಗಿನಿಂದ ಮೀನಿನ ಹಾಗೆ ಜಾರಿ ಆಚೆ ಬಂತು. ಇಣಚಿ ಕುಣಿದು, ಹಿಂದೆ ಮುಂದೆ ನೋಡದೆ ಚಿಕ್ಕಮ್ಮನ ಬೆನ್ನು ಹತ್ತಿಬಿಟ್ಟಳು. ಅದು ನನ್ನ ಬೆನ್ನಾಗಬೇಕಿತ್ತು ಅನ್ನಿಸಿತು. ತಂಗಿ ಅವಳನ್ನು ಹೊತ್ತುಕೊಂಡೇ ನನ್ನ ಕಡೆ ತಿರುಗಿ ನೋಡಿದಳು. ಗೆದ್ದವಳ ಮುಖವಾಗಿರಲಿಲ್ಲ ಅದು. ಒಂದು ಮಾತಿಗೆ ಕಾದಿರುವವಳ ಮುಖ.

“ನಾವು ತಂದಿದ್ದ ಹಲಗೆ ಎಷ್ಟು ಉಳಿದಿದೆ?” ಎಂದು ಇಣಚಿಯನ್ನು ಕೇಳಿದೆ.

“ಒಂದು ಕೋಣೆಗೆ ಆಗೋಷ್ಟಿದೆ. ಕತ್ತೆಗೆ ಕೊಟ್ಟಿಗೆ ಮಾಡೋಣ ಅಂತ.”

“ಕತ್ತೆ ಅಡುಗೆಮನೇಲೇ ಇರಲಿ. ಚಿಕ್ಕಮ್ಮನಿಗೊಂದು ಕೋಣೆ ಕಟ್ಟು. ಅಮ್ಮನ ಬೊಂಬೆ ಮಳೆಯಲ್ಲಿ ನೆನೆದರೆ ನೆಗಡಿ ಆಗೋದು ನನಗೇ.”

ಇಣಚಿ ಬೆನ್ನಿಂದ ಇಳಿದು ಹಲಗೆ ಹರವಿದಳು. ತನ್ನ ಕೋಣೆಯ ಪಕ್ಕದ ಖಾಲಿ ಜಾಗಕ್ಕೆ ಕೈ ಹೋಯಿತು. “ಅಲ್ಲಿ ಬೇಡ,” ಎಂದೆ ತಕ್ಷಣ. “ಅಲ್ಲಿ ಗಾಳಿ ಬರಲ್ಲ. ಹಿಂದುಗಡೆ, ಅಡುಗೆಮನೆ ಆಚೆ ಕಟ್ಟು.”

ತಂಗಿ ಹುಬ್ಬೇರಿಸಿದಳು. “ಅಡುಗೆಮನೆ ಆಚೆನಾ? ಹೊಗೆ ಬರುತ್ತಲ್ಲ ಅಕ್ಕ.”

“ಆಟದಲ್ಲಿ ಹೊಗೆ ಎಲ್ಲಿಂದ ಬರುತ್ತೆ?”

“ಇದು ಹೊಸ ಪೆಟ್ಟಿಗೆ. ಹೊಗೆಯೂ ಕಾಣುತ್ತೆ.”

ನೋಡಿದೆ. ನಿಜ, ಅಡುಗೆಮನೆಯ ಕೊಳವೆಯಿಂದ ಸಣ್ಣ ಬೂದು ಎಳೆಯೊಂದು ಎದ್ದು ಹಿಂದುಗಡೆಗೇ ಬಾಗುತ್ತಿತ್ತು.

“ಪರವಾಗಿಲ್ಲ,” ಎಂದೆ. “ಅಲ್ಲೇ ಕಟ್ಟು ಪುಟ್ಟ.”